ಸಿಪ್ಪೆ ಬಾರದ ಕೈ

ನುಣುಪಣ್ಣ ಬಣ್ಣ ಹೊಡೆದ ಕಾರಿನ ಬಾಗಿಲ ಮೇಲೆ ನೊಣ ಕೂರುವುದಿಲ್ಲ ಎಂದು ಜನ ಹೇಳುವುದು ಪೂರ್ತಿ ನಿಜವಲ್ಲ. ಕೂರುತ್ತದೆ, ಆದರೆ ನಿಲ್ಲುವುದಿಲ್ಲ. ಕೂತ ನೊಣ ಆರೂ ಕಾಲು ಊರಿ, ಒಂದು ಕ್ಷಣ ತನ್ನನ್ನು ತಾನು ನೋಡಿಕೊಂಡು, ಹಾಗೇ ಜಾರುತ್ತ ಹಿಡಿಕೆಯ ತನಕ ಬಂದು, ಅಲ್ಲಿಂದ ಮರ್ಯಾದೆ ಹೋದವರ ಹಾಗೆ ಹಾರಿಹೋಗುತ್ತದೆ. ಇದನ್ನು ಬೀದಿಯವರೆಲ್ಲ ಕಣ್ಣಾರೆ ಕಂಡಿದ್ದಾರೆ. ನಂಬದವರು ಲೋಟದಲ್ಲಿ ನೊಣ ಹಿಡಿದು ತಂದು ಪರೀಕ್ಷೆ ಮಾಡಿದ್ದೂ ಉಂಟು.

ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಮತದಾರರ ಪಟ್ಟಿಯಲ್ಲಿ ಸುಖವಾಗಿ ಮಲಗಿದೆ, ಎಬ್ಬಿಸಲು ಯಾರೂ ಹೋಗುವುದಿಲ್ಲ. ಗುದ್ದಿದ, ಗೀಚಿದ, ತುಕ್ಕು ಹಿಡಿದ ಕಾರುಗಳಿಗೆ ಮೂವತ್ತು ವರ್ಷ ಗನ್ನಿನಿಂದ ಬಣ್ಣ ಹೊಡೆದು ಹೊಡೆದು ಅವನು ನುಣುಪಣ್ಣನಾಗಿದ್ದಾನೆ. ಒಮ್ಮೆ ನೀರು ಸಾಗಿಸುವ ಟ್ಯಾಂಕರೊಂದಕ್ಕೆ ಬಣ್ಣ ಹೊಡೆದುಕೊಟ್ಟ. ಆಮೇಲೆ ಅದರ ಮೇಲೆ ಒಂದು ನೋಟೀಸೂ ನಿಲ್ಲದಾಯಿತು. ಎಷ್ಟು ಗೋಂದು ಬಳಿದು ಅಂಟಿಸಿದರೂ ಕಾಗದ ಮುಂದಿನ ತಿರುವಿನಲ್ಲಿ ರಸ್ತೆಗೆ ಬಿದ್ದಿರುತ್ತಿತ್ತು. ನೋಟೀಸು ಅಂಟಿಸುವವನು ಶೆಡ್ಡಿಗೇ ಬಂದು, "ನನ್ನ ಹೊಟ್ಟೆ ಮೇಲೆ ಯಾಕಣ್ಣ ಹೊಡೀತೀಯ" ಎಂದು ಕೇಳಿದ.

"ನಿನ್ನ ಹೊಟ್ಟೆ ಮೇಲೆ ಹೊಡೆದಿದ್ರೆ ಅದೂ ನುಣ್ಣಗಾಗಿರೋದು" ಎಂದು ಹೇಳಿ ಕಳಿಸಿದ ನುಣುಪಣ್ಣ.

ತನ್ನ ಕೆಲಸದಲ್ಲಿ ಮಾಯಮಂತ್ರವೇನೂ ಇಲ್ಲ ಎಂದೇ ಅವನು ಹೇಳುತ್ತಿದ್ದ. ಡೊಂಕು ತೆಗೆದ ತಗಡಿಗೆ ಪುಟ್ಟಿ, ಪುಟ್ಟಿಯ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಕ್ಲಿಯರ್ ಎಂಬ ಪಾರದರ್ಶಕ ಹೊಳಪು. ಮುಂದಿನದಕ್ಕೆ ಹೋಗುವ ಮುಂಚೆ ನೀರು ಸುರಿದು ಉಜ್ಜುಕಾಗದದಲ್ಲಿ ತಿಕ್ಕಬೇಕು. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಬೇಕು. ಗನ್ನು ತಗಡಿನಿಂದ ಒಂದು ಗೇಣು ದೂರ ಇರಬೇಕು, ಮಣಿಕಟ್ಟು ತಿರುಗಬಾರದು, ತೋಳು ಪೂರ್ತಿ ಸಾಗಬೇಕು, ಒಂದು ಪಟ್ಟೆಯ ಅರ್ಧದ ಮೇಲೆ ಇನ್ನೊಂದು ಪಟ್ಟೆ ಬರಬೇಕು. ಹೀಗೆ ಇಡೀ ಬಾಗಿಲಿಗೆ ಒಂದು ಸಲ ಹೊಡೆದರೆ ಶೆಡ್ಡಿನ ಭಾಷೆಯಲ್ಲಿ ಅದು "ಒಂದು ಕೈ". ಎರಡು ಕೈ ಬಣ್ಣ, ಎರಡು ಕೈ ಕ್ಲಿಯರ್. ಹೊಸಬರಿಗೆ ಈ ಲೆಕ್ಕ ತಿಳಿಯದೆ ಪೇಚಾಟವಾಗುತ್ತಿತ್ತು. "ನಿಮ್ಮ ಕಾರಿಗೆ ಇನ್ನೂ ಎರಡು ಕೈ ಬೇಕು ಸಾರ್" ಎಂದಾಗ ಗಿರಾಕಿಯೊಬ್ಬರು ಪಾಪ, ತೋಳು ಮಡಿಚಿಕೊಂಡು ಸಹಾಯಕ್ಕೆ ನಿಂತುಬಿಟ್ಟಿದ್ದರು.

ಬಣ್ಣ ಕಲಸುವವಳು ಅವನ ಹೆಂಡತಿ. ಕಾರಿನ ಮುಂದೆ ನಿಂತು, ಕಣ್ಣು ಅರ್ಧ ಮುಚ್ಚಿ, "ನೀಲಿಗೆ ಎರಡು ಹನಿ ಕಪ್ಪು, ಹಸಿರು ವಾಸನೆಗಷ್ಟೇ" ಎನ್ನುವಳು. ಡಬ್ಬಿಯಲ್ಲಿ ಕಲಸಿದ್ದು ಕಾರಿನ ಬಣ್ಣಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡುತ್ತಿತ್ತು. ಅವಳು ಎರಡು ಶೆಡ್ಡುಗಳಿಗೆ ಕಲಸುತ್ತಿದ್ದಳು. ಒಂದು ಗಂಡನದು. ಇನ್ನೊಂದು ರಸ್ತೆಯ ಆ ಕಡೆ, ಇದಕ್ಕೆ ಸರಿಯಾಗಿ ಎದುರಿಗೆ, ಅವಳ ಒಡಹುಟ್ಟಿದ ತಮ್ಮನದು.

ಆ ತಮ್ಮನನ್ನು ಎಲ್ಲರೂ ಸಿಪ್ಪೆ ಎಂದು ಕರೆಯುತ್ತಿದ್ದರು. ಗನ್ನಿನಿಂದ ಬಿದ್ದ ಬಣ್ಣ ಸರಿಯಾಗಿ ಹರಡಿಕೊಳ್ಳದೆ ಸಣ್ಣ ಸಣ್ಣ ಗುಳಿಗಳಾಗಿ ಒಣಗಿದರೆ ಕಿತ್ತಳೆ ಹಣ್ಣಿನ ಸಿಪ್ಪೆಯ ಹಾಗೆ ಕಾಣುತ್ತದೆ. "ಸಿಪ್ಪೆ ಎದ್ದಿದೆ" ಎಂದರೆ ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಹನ್ನೊಂದು ವರ್ಷದ ಹಿಂದೆ, ಭಾವನ ಹತ್ತಿರ ಕೆಲಸ ಕಲಿಯುತ್ತಿದ್ದಾಗ, ಅವನು ಮೊದಲ ಸಲ ತಾನೊಬ್ಬನೇ ಒಂದು ಬಾನೆಟ್ ಮುಗಿಸಿದ. ಕಾರಿನ ಮಾಲೀಕ ನೋಡಿ, "ಗುರುವನ್ನೇ ಮೀರಿಸೋ ಹಾಗಿದಾನಲ್ಲ" ಎಂದುಬಿಟ್ಟ. ನುಣುಪಣ್ಣ ಎದ್ದು ಬಂದು ಬಾನೆಟ್ಟಿನ ಮೇಲೆ ಒಂದು ಬೆರಳು ಆಡಿಸಿ, "ಇದು ಬಾನೆಟ್ ಅಲ್ಲ ಸಾರ್, ಕಿತ್ತಳೆ ಸಿಪ್ಪೆ. ಸುಲಿದು ತಿನ್ನಿ" ಎಂದ. ಮಾಲೀಕ ನಕ್ಕ. ಪಕ್ಕದ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದವನೂ ಬಂದು ನೋಡಿ ನಕ್ಕ. ಮರುದಿನ ಮೈದುನ ಕೆಲಸಕ್ಕೆ ಬರಲಿಲ್ಲ. ಎದುರಿಗೆ ಅವನ ಶೆಡ್ ಎದ್ದಿತು. ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು.

ಅಂದಿನಿಂದ ಭಾವ ಮೈದುನರಿಗೆ ಮಾತಿಲ್ಲ. ಮಾತು ಬಿಟ್ಟಿದ್ದರೇ ಹೊರತು ನೋಟ ಬಿಟ್ಟಿರಲಿಲ್ಲ. ಸಿಪ್ಪೆ ಗನ್ನು ಎತ್ತಿದನೆಂದರೆ ನುಣುಪಣ್ಣ ಎಲ್ಲಿದ್ದರೂ ಬಂದು, ರಸ್ತೆಯ ಈ ಕಡೆ ಕಬ್ಬಿಣದ ಕುರ್ಚಿ ಹಾಕಿಕೊಂಡು, ಕಣ್ಣು ಕಿರಿದು ಮಾಡಿ ಕೂರುತ್ತಿದ್ದ. ಹೇಳಬೇಕಾದ್ದೆಲ್ಲ ನಡುವಿನವಳ ಮೂಲಕ. "ನಿನ್ನ ತಮ್ಮಂಗೆ ಹೇಳು, ಅವನ ಕಂಪ್ರೆಸರಿಂದ ಗಾಳಿ ಸೋರ್ತಿದೆ." "ನಿನ್ನ ಗಂಡಂಗೆ ಹೇಳಕ್ಕ, ಅವರ ಬಾಯಿಂದ ಸೋರೋದಕ್ಕಿಂತ ಕಮ್ಮೀನೇ." ಅವಳು ಎರಡೂ ಕಡೆಗೂ ಅರ್ಧ ಮಾತ್ರ ತಲುಪಿಸಿ, ಉಳಿದರ್ಧವನ್ನು ರಸ್ತೆಯಲ್ಲೇ ಚೆಲ್ಲಿ ಬರುತ್ತಿದ್ದಳು.

ಈಗ ಸಿಪ್ಪೆ ಊರು ಬಿಟ್ಟು ಹೊರಟಿದ್ದ. ದೂರದ ಕಾರು ಕಾರ್ಖಾನೆಯೊಂದರಲ್ಲಿ ಬಣ್ಣದ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಶನಿವಾರ ಮಧ್ಯಾಹ್ನ ಸಾಮಾನಿನ ವ್ಯಾನು ಬರುವುದೆಂದು ಗೊತ್ತಾಗಿತ್ತು. ಆ ಸುದ್ದಿ ಬಂದ ದಿನದಿಂದ ಹೆಂಡತಿ ಕಲಸಿದ ಬಿಳಿಯಲ್ಲೂ ಒಂದು ಹನಿ ಕಪ್ಪು ಹೆಚ್ಚು ಬೀಳತೊಡಗಿತು.

"ಅವನು ಹೋಗೋಕೆ ಮುಂಚೆ ಒಂದು ಮಾತು ಆಡ್ರೀ" ಎಂದಳು. "ಒಂದೇ ಒಂದು."

"ಏನಂತ ಆಡ್ಲಿ?"

"ಅದನ್ನೂ ನಾನೇ ಕಲಸಿ ಕೊಡ್ಬೇಕಾ?"

ನುಣುಪಣ್ಣನಿಗೆ ಆಡಬೇಕೆಂದೇ ಇತ್ತು. ಅದನ್ನು ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ, ಅವನಿಗೆ ಮೈದುನನನ್ನು ಕಂಡರೆ ಪ್ರಾಣ. ಮದುವೆಯಾದ ಹೊಸದರಲ್ಲಿ ಅವನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಊರು ಸುತ್ತಿಸಿದವನೇ ಇವನು. ಸ್ನಾನದ ಮನೆಯಲ್ಲಿ ಬಕೆಟ್ಟಿನ ಮುಂದೆ ನಿಂತು ನಾಲ್ಕು ದಿನ ಅಭ್ಯಾಸವನ್ನೂ ಮಾಡಿದ್ದ. ಬಕೆಟ್ಟು ಕ್ಷಮಿಸಿತ್ತು. ಹೊರಗೆ ಬಂದು ಎದುರಿನ ಶೆಡ್ ಕಣ್ಣಿಗೆ ಬಿದ್ದ ಕೂಡಲೇ ನಾಲಿಗೆಯೆಂಬುದು ಬಾಯಲ್ಲಿ ಇದೆಯೋ ಇಲ್ಲವೋ ಎಂಬಂತಾಗುತ್ತಿತ್ತು.

ಇಂಥ ವಾರದಲ್ಲೇ ಕನ್ನಡಕದವರು ತಮ್ಮ ಕಾರು ಒಯ್ಯಲು ಬಂದದ್ದು.

ಕನ್ನಡಕದವರು ಎಂದರೆ ಮುಖ್ಯರಸ್ತೆಯಲ್ಲಿ ಕನ್ನಡಕದಂಗಡಿ ಇಟ್ಟುಕೊಂಡವರು. ಕಡುನೀಲಿ ಕಾರು, ಎಡಗಡೆಯ ಹಿಂದಿನ ಬಾಗಿಲು ಅವರದೇ ಗೇಟಿನ ಕಂಬಕ್ಕೆ ಉಜ್ಜಿಕೊಂಡಿತ್ತು. ಸೋಮವಾರ ಬೆಳಿಗ್ಗೆ ಹೆಂಡತಿಯ ಜೊತೆ ಬಂದರು. ಜೇಬಿನಿಂದ ಭೂತಗನ್ನಡಿ ತೆಗೆದು ಬಾಗಿಲ ಮೇಲೆ ಮೇಲಿಂದ ಕೆಳಕ್ಕೆ ಇಳಿಸಿದರು, ಬಗ್ಗಿದರು, ಎದ್ದರು.

"ಇದು ನಮ್ಮ ಬಾಗಿಲಲ್ಲ" ಎಂದರು.

"ನಿಮ್ಮದೇ ಸಾರ್. ಒಳಗಡೆ ನಿಮ್ಮ ಟವೆಲ್ಲೂ ಹಾಗೇ ಇದೆ."

"ಬಾಗಿಲು ನಮ್ಮದು, ಮೈ ನಮ್ಮದಲ್ಲ. ಮುಂದಿನ ಬಾಗಿಲು ನೋಡಿ. ಅದರಲ್ಲಿ ಆ ದೀಪದ ಕಂಬ ನೀರಲ್ಲಿ ನಿಂತ ಹಾಗೆ ಸ್ವಲ್ಪ ಅಲುಗ್ತಾ ಇದೆ. ನಿಮ್ಮ ಬಾಗಿಲಲ್ಲಿ ಕಂಬ ಕಂಬದ ಹಾಗೇ ನಿಂತಿದೆ. ಕಾರ್ಖಾನೇಲಿ ಹೊಡೆದ ಬಣ್ಣಕ್ಕೆ ಒಂದು ಸಿಪ್ಪೆ ಇರುತ್ತೆ ಕಣ್ರೀ. ಅದೇ ಅದರ ಲಕ್ಷಣ. ಈಗ ಇಡೀ ಕಾರಿಗೆ ತೇಪೆ ಹಾಕಿದ ಹಾಗೆ ಕಾಣ್ತಿದೆ."

ತೇಪೆ. ಮೂವತ್ತು ವರ್ಷದಲ್ಲಿ ನುಣುಪಣ್ಣ ಈ ಮಾತು ಕೇಳಿರಲಿಲ್ಲ. ಕಿವಿಯ ತುದಿ ಬಿಸಿಯಾಯಿತು. ಮುಂದಿನ ಬಾಗಿಲ ಹತ್ತಿರ ಮುಖ ಒಯ್ದು ನೋಡಿದ. ನಿಜ, ಸಣ್ಣಗೆ, ಸಮವಾಗಿ, ಶಿಸ್ತಾಗಿ ಸಿಪ್ಪೆ ಎದ್ದಿತ್ತು. ಇಷ್ಟು ವರ್ಷ ಇದನ್ನು ನೋಡಿಯೂ ನೋಡದವನಂತಿದ್ದ. ಇಂಥದ್ದೇ ಸಿಪ್ಪೆಯನ್ನು ಹನ್ನೊಂದು ವರ್ಷದ ಹಿಂದೆ ಒಂದು ಬಾನೆಟ್ಟಿನ ಮೇಲೆ ಕಂಡಿದ್ದ ಎಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಕನ್ನಡಕದವರ ಹೆಂಡತಿ ಹಿಂದಿನ ಬಾಗಿಲ ಮುಂದೆ ನಿಂತವರು ನಿಂತೇ ಇದ್ದರು. "ನನ್ನ ಮೂಗು ಇಷ್ಟು ನೇರವಾಗಿದೆ ಅಂತ ನಂಗೆ ಯಾರೂ ಹೇಳಿರ್ಲಿಲ್ಲ" ಎಂದರು ಮೆಲ್ಲಗೆ. "ಇಷ್ಟು ವರ್ಷ ಇವರಂಗಡಿ ಕನ್ನಡೀಲಿ ನೋಡ್ಕೊಂಡು ಏನೇನೋ ಅಂದ್ಕೊಂಡಿದ್ದೆ."

"ಹತ್ತು, ಹೋಗೋಣ" ಎಂದರು ಗಂಡ.

"ಒಳಗೆ ಕೂತ್ರೆ ಬಾಗಿಲು ಕಾಣಲ್ವಲ್ಲ."

ಕನ್ನಡಕದವರು ನುಣುಪಣ್ಣನನ್ನು ಪಕ್ಕಕ್ಕೆ ಕರೆದರು. ದನಿ ಇಳಿದಿತ್ತು. "ನೋಡಿದ್ರಲ್ಲ. ಈ ಬಾಗಿಲು ಮನೆಗೆ ಬಂದ್ರೆ ಇವಳು ಕಾರ್ ಶೆಡ್ ಬಿಟ್ಟು ಒಳಗೆ ಬರಲ್ಲ. ನನಗೆ ಸಿಪ್ಪೆ ಬೇಕು. ಮುಂದಿನ ಬಾಗಿಲಿಗೆ ಎಷ್ಟಿದೆಯೋ ಅಷ್ಟೇ. ಒಂದು ಗುಳಿ ಹೆಚ್ಚಿರಬಾರದು, ಕಮ್ಮಿ ಇರಬಾರದು. ಶನಿವಾರ ಬರ್ತೀನಿ."

"ಬೇಕಾದ್ರೆ ಇಡೀ ಕಾರಿಗೇ ಹೀಗೆ ಹೊಡೆದುಕೊಡ್ತೀನಿ ಸಾರ್. ದುಡ್ಡು ಬೇಡ."

"ಬೇಡಪ್ಪಾ. ಆಮೇಲೆ ನಮ್ಮನೆ ಗೇಟು ಒರಟಾಗಿ ಕಾಣುತ್ತೆ. ಗೇಟು ಮಾಡಿಸಿದ್ರೆ ಮನೆ ಒರಟಾಗುತ್ತೆ. ಮನೆ ಮಾಡಿಸಿದ್ರೆ ನಾನು."

ಸಿಪ್ಪೆ ಎಬ್ಬಿಸುವುದೇನು ದೊಡ್ಡ ವಿಷಯ ಎಂದು ನೀವು ಕೇಳಬಹುದು. ನುಣುಪಣ್ಣನೂ ಹಾಗೇ ಅಂದುಕೊಂಡ. ಕೆಲಸ ಗೊತ್ತಿಲ್ಲದವನು ಕಣ್ಣು ಮುಚ್ಚಿ ಹೊಡೆದರೂ ಬರುವಂಥದ್ದು, ಕೆಲಸ ಗೊತ್ತಿದ್ದವನಿಗೆ ಬಾರದೆ ಎಲ್ಲಿಗೆ ಹೋದೀತು? ಮಂಗಳವಾರ ಬಾಗಿಲ ಮೇಲಿನ ಕ್ಲಿಯರನ್ನು ಉಜ್ಜಿ ತೆಗೆದು ಮತ್ತೆ ಶುರು ಮಾಡಿದ. ಥಿನ್ನರ್ ಕಡಿಮೆ ಹಾಕಿ ಕ್ಲಿಯರನ್ನು ಗಂಜಿಯಷ್ಟು ಮಂದ ಮಾಡಿದ. ಗನ್ನಿಗೆ ಹೋಗುವ ಗಾಳಿ ಇಳಿಸಿದ. ಒಂದು ಗೇಣಿನ ಬದಲು ಒಂದು ಮೊಳ ದೂರ ನಿಂತ. ಮಾಡಬಾರದ ತಪ್ಪುಗಳನ್ನೆಲ್ಲ ಒಂದೊಂದಾಗಿ, ಬಹಳ ಅಚ್ಚುಕಟ್ಟಾಗಿ ಮಾಡಿದ. ಕ್ಲಿಯರು ಬಾಗಿಲ ಮೇಲೆ ಬಿದ್ದು, ಒಂದು ಕ್ಷಣ ಗುಳಿಗುಳಿಯಾಗಿ ನಿಂತು, ನುಣುಪಣ್ಣನ ಮುಖ ನೋಡಿ ಹೆದರಿದಂತೆ ತಾನೇ ತಾನಾಗಿ ಹರಡಿ ಮಟ್ಟಸವಾಯಿತು. ಕನ್ನಡಿ.

ಬುಧವಾರ ಹೆಂಡತಿಗೆ, "ನಾನು ಹೊಡೆಯೋವಾಗ ನನ್ನ ಬೈತಾ ಇರು, ಕೈ ನಡುಗ್ಬೇಕು" ಎಂದ. ಅವಳಿಗೆ ಸಿದ್ಧತೆಯೇನೂ ಬೇಕಾಗಲಿಲ್ಲ. ಮದುವೆಯ ದಿನ ಅವನು ಊಟದ ಪಂಕ್ತಿಯಲ್ಲಿ ನಿದ್ದೆ ಹೋದದ್ದರಿಂದ ಹಿಡಿದು, ಅವಳ ತಮ್ಮನನ್ನು ಬೀದಿಯ ಮುಂದೆ ನಗೆಪಾಟಲು ಮಾಡಿದ್ದರ ತನಕ, ಉಸಿರು ತೆಗೆದುಕೊಳ್ಳದೆ ಮುಕ್ಕಾಲು ಗಂಟೆ ಬೈದಳು. ಬಾಗಿಲು ಮೊದಲಿಗಿಂತ ನುಣುಪಾಗಿ ಬಂತು. ಬೈಗುಳ ಅವನಿಗೆ ಅಷ್ಟು ರೂಢಿಯಾಗಿತ್ತು.

ಗುರುವಾರದ ಹೊತ್ತಿಗೆ ಇಡೀ ಬೀದಿಗೆ ಸುದ್ದಿ ಹಬ್ಬಿ, ಸಲಹೆ ಕೊಡುವವರ ಸಾಲು ನಿಂತಿತು. ಎಡಗೈಯಲ್ಲಿ ಹೊಡಿ ಎಂದರು, ಹೊಡೆದ. ಒಂಟಿಕಾಲಲ್ಲಿ ನಿಂತು ಹೊಡಿ ಎಂದರು, ಅದೂ ಆಯಿತು. ಪಕ್ಕದ ಕ್ಷೌರಿಕ ಅವನ ಮೂಗಿಗೆ ನಶ್ಯ ಹಿಡಿದ. ನುಣುಪಣ್ಣ ಏಳು ಸಲ ಸೀನಿದ, ಏಳು ಸೀನಿಗೂ ಕೈ ಗೆರೆ ಎಳೆದ ಹಾಗೆ ಸಾಗಿತು. ನೋಟೀಸು ಅಂಟಿಸುವವನು ಹಳೆಯ ಸಿಟ್ಟು ತೀರಿಸಿಕೊಳ್ಳಲು ಇದೇ ಸಮಯವೆಂದು ಒಂದು ಹಿಡಿ ಧೂಳು ತಂದು ಹಸಿ ಕ್ಲಿಯರಿನ ಮೇಲೆ ಎರಚಿದ. ಧೂಳೆಲ್ಲ ಜಾರಿ ಕೆಳಗೆ ಒಂದು ಪುಟ್ಟ ಗುಡ್ಡೆಯಾಗಿ ಕೂತಿತು. ಅದನ್ನು ಯಾರೋ ಮೊರದಲ್ಲಿ ಎತ್ತಿ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಕ್ಷೌರಿಕ ತನ್ನ ಕುರ್ಚಿಯನ್ನೇ ಎತ್ತಿ ತಂದು ಬಾಗಿಲ ಮುಂದಿಟ್ಟು, "ಬೆಳಕು ಇಲ್ಲೇ ಚೆನ್ನಾಗಿದೆ" ಎಂದು ಗಿರಾಕಿಗಳಿಗೆ ಗಡ್ಡ ಹೆರೆಯಲು ಕೂತ.

"ಸಿಪ್ಪೆ ಬೇಕು ಸಿಪ್ಪೆ ಬೇಕು ಅಂತ ಊರೆಲ್ಲ ಯಾಕಪ್ಪ ಹುಡುಕ್ತೀರಿ" ಎಂದಿತು ಸಾಬೂನು ನೊರೆಯೊಳಗಿಂದ ಒಂದು ದನಿ. "ಎದುರಿಗೇ ಇದಾನಲ್ಲ."

ಎಲ್ಲರ ತಲೆಯೂ ಎದುರಿನ ಶೆಡ್ಡಿನ ಕಡೆ ತಿರುಗಿತು. ರಸ್ತೆಯ ಆ ಕಡೆ ಸಿಪ್ಪೆ ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ. ನುಣುಪಣ್ಣ ಹೆಂಡತಿಯ ಕಡೆ ನೋಡಿದ. ಅವಳು ಡಬ್ಬಿಯೊಳಗೆ ಕಡ್ಡಿ ಆಡಿಸುತ್ತಿದ್ದವಳು ಆಡಿಸುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ, ಆದರೆ ಕಡ್ಡಿ ಎರಡರಷ್ಟು ಜೋರಾಗಿ ತಿರುಗತೊಡಗಿತು. ಹೋಗಬೇಕು ಎಂದು ಅವನಿಗೆ ಆಗಲೇ ಗೊತ್ತಾಯಿತು. ಗೊತ್ತಾದದ್ದನ್ನು ಮಾಡಲು ಮಾತ್ರ ಶುಕ್ರವಾರ ಇಡೀ ದಿನ ಬೇಕಾಯಿತು.

ಶನಿವಾರ ಬೆಳಿಗ್ಗೆ ಬಾಗಿಲನ್ನು ಕಾರಿನಿಂದ ಬಿಚ್ಚಿ, ಎರಡೂ ಕೈಯಲ್ಲಿ ಅಪ್ಪಿ ಹಿಡಿದು, ಮುಖಕ್ಕೆ ಅಡ್ಡವಾಗಿಟ್ಟುಕೊಂಡು ರಸ್ತೆ ದಾಟಿದ. ನೋಡಿದವರಿಗೆ ರಸ್ತೆಯ ಒಂದು ತುಂಡೇ ಎದ್ದು ನಡೆದುಬಂದಂತೆ ಕಾಣುತ್ತಿತ್ತು. ಎದುರಿಗೆ ಬಂದ ಸೈಕಲ್ಲಿನವನೊಬ್ಬ, ತನ್ನಂಥವನೇ ಇನ್ನೊಬ್ಬ ನೇರವಾಗಿ ಮೈಮೇಲೆ ಬರುತ್ತಿದ್ದಾನೆಂದು ತಿಳಿದು, ಗಂಟೆ ಬಾರಿಸಿ, ಕಡೆಗೆ ತಾನೇ ಇಳಿದು ದಾರಿ ಬಿಟ್ಟ.

ಸಿಪ್ಪೆಯ ಶೆಡ್ಡು ಬರಿದಾಗಿತ್ತು. ಪೆಟ್ಟಿಗೆಗಳು, ಸುತ್ತಿಟ್ಟ ಹಾಸಿಗೆ. ಕಂಪ್ರೆಸರು ಮತ್ತು ಗನ್ನು ಕಟ್ಟುವುದೊಂದು ಬಾಕಿಯಿತ್ತು. ಹೊಸ್ತಿಲಲ್ಲಿ ಬಾಗಿಲೊಂದು ಬಂದು ನಿಂತಿತು. ಸಿಪ್ಪೆ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು ಎದ್ದು ಬಂದ.

"ಕೆಳಗಿಡಿ ಭಾವ" ಎಂದ. "ಮಾತಾಡ್ಸೋಣ ಅಂದ್ರೆ ನನ್ನ ಮುಖವೇ ಕಾಣ್ತಿದೆ."

ನುಣುಪಣ್ಣ ಕೆಳಗಿಟ್ಟ. ಬಕೆಟ್ಟಿನ ಮುಂದೆ ಕಲಿತದ್ದೆಲ್ಲ ಮರೆತುಹೋಗಿತ್ತು. "ಸಿಪ್ಪೆ ಬೇಕಿತ್ತು" ಎಂದ.

"ಯಾವ ಸಿಪ್ಪೆ?"

ಇದೇ ಆ ಹೊತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ನುಣುಪಣ್ಣ "ಬಾಗಿಲಿಗೆ" ಎಂದ. ಹೇಳಿದ ಮರುಗಳಿಗೆ ತನ್ನ ಕೆನ್ನೆಗೆ ತಾನೇ ಎರಡು ಬಿಗಿಯಬೇಕೆನಿಸಿತು.

ಸಿಪ್ಪೆ ವಿಷಯ ಕೇಳಿಕೊಂಡ. ನಗು ಬಂದಿತ್ತು, ನಗಲಿಲ್ಲ. ಹಳೆಯ ಕ್ಲಿಯರನ್ನು ಇಬ್ಬರೂ ಸೇರಿ ಉಜ್ಜಿ ತೆಗೆದರು. ಬಾಗಿಲನ್ನು ಎರಡು ಸ್ಟೂಲಿನ ಮೇಲೆ ಒರಗಿಸಿ, ಗನ್ನಿಗೆ ಕ್ಲಿಯರ್ ತುಂಬಿ, ಸಿಪ್ಪೆ ಹೊಡೆಯಲು ನಿಂತ. ಮೈದುನನಿಗೆ ಸಂಕೋಚವಾಗದಿರಲಿ ಎಂದು ನುಣುಪಣ್ಣ ಗೋಡೆಯ ಕಡೆ ತಿರುಗಿಕೊಂಡ. ಗನ್ನಿನ ಸದ್ದು ಬಂತು, ನಿಂತಿತು. ಆಮೇಲೆ ಯಾವ ಸದ್ದೂ ಬರಲಿಲ್ಲ. ತಿರುಗಿ ನೋಡಿದರೆ ಸಿಪ್ಪೆ ಬಾಯಿ ತೆರೆದುಕೊಂಡು ನಿಂತಿದ್ದ. ಬಾಗಿಲಿನಲ್ಲಿ ಸೀಲಿಂಗಿನ ಜೇಡರಬಲೆಯ ಒಂದೊಂದು ಎಳೆಯೂ ಕಾಣುತ್ತಿತ್ತು.

"ನನ್ನ ಜನ್ಮದಲ್ಲಿ ಹೀಗೆ ಬಂದಿಲ್ಲ ಭಾವ" ಎಂದ ಸಿಪ್ಪೆ. ಅವನಿಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯದಾಯಿತು. ನುಣುಪಣ್ಣ ಮತ್ತೆ ಗೋಡೆಯ ಕಡೆ ತಿರುಗಿದ ಮೇಲೆ ಒರೆಸಿ ಮತ್ತೆ ಹೊಡೆದ. ಮತ್ತೆ ಕನ್ನಡಿ. ಪೆಟ್ಟಿಗೆಯ ಮೇಲೆ ಕೂತು ಗನ್ನನ್ನು ತೊಡೆಯ ಮೇಲಿಟ್ಟುಕೊಂಡ. "ನೀವು ನೋಡ್ತಿಲ್ವಲ್ಲ, ಅದಕ್ಕೆ. ದಿನಾ ಆ ಕುರ್ಚಿ ಹಾಕ್ಕೊಂಡು ಕೂರ್ತಿದ್ರಿ. ಗನ್ ಎತ್ತಿದ ಕೂಡ್ಲೆ ಬೆನ್ನಲ್ಲಿ ನಿಮ್ಮ ಕಣ್ಣು ಚುಚ್ಚೋದು. ಕೈ ತಾನಾಗೇ ನಡುಗೋದು. ಹನ್ನೊಂದು ವರ್ಷ ಹಾಗೇ ಹೊಡೆದಿದ್ದು."

ಆ ಬೀದಿಯ ಸಿಪ್ಪೆಯೆಲ್ಲ ತನ್ನ ಕಣ್ಣಿನಿಂದ ಎದ್ದದ್ದು ಎಂದು ನುಣುಪಣ್ಣನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಗೋಡೆ ಬಿಟ್ಟು ಮೈದುನನ ಎದುರಿಗೆ ಬಂದು ನಿಂತ.

"ಹಾಗಾದ್ರೆ ನೋಡ್ತೀನಿ. ಹೊಡಿ" ಎಂದ.

ನೋಡಿದ. ಆದರೆ ಹಳೆಯ ನೋಟ ಬರಲೊಲ್ಲದು. ಕಣ್ಣು ಕಿರಿದು ಮಾಡಿದರೆ ಮೈದುನನ ಕಿವಿಯ ಪಕ್ಕದ ನರೆಗೂದಲು ಕಾಣುತ್ತಿತ್ತು. ಹುಬ್ಬು ಗಂಟಿಕ್ಕಿದರೆ ಕಣ್ಣಿನಲ್ಲಿ ನೀರು ತುಂಬುತ್ತಿತ್ತು.

"ಹೀಗಲ್ಲ ಭಾವ. ಮೊದಲಿನ ಹಾಗೆ ನೋಡಿ."

"ಥಿನ್ನರ್ ಘಾಟು ಕಣೋ. ಹಾಗೆ ಆಗ್ತಿಲ್ಲ."

ಹೆಂಡತಿ ಯಾವಾಗಲೋ ರಸ್ತೆ ದಾಟಿ ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಎರಡೂವರೆಗೆ ವ್ಯಾನು, ಮೂರಕ್ಕೆ ಕನ್ನಡಕದವರು. ಒಳಗೆ ಬಂದವಳೇ ತಮ್ಮನ ಕೈಯಿಂದ ಗನ್ನು ಕಿತ್ತುಕೊಂಡು ಗಂಡನ ಕೈಗೆ ಕೊಟ್ಟಳು.

"ಯಾರದಾದ್ರೂ ಒಬ್ಬರ ಕೈ ನಡುಗ್ಬೇಕು ತಾನೆ? ನೀವು ಹೊಡೀರಿ. ನೀನು ನೋಡೋ."

ನುಣುಪಣ್ಣ ಬಾಗಿಲು ಒರೆಸಿ ಗನ್ನು ಎತ್ತಿದ. ಸಿಪ್ಪೆ ಪೆಟ್ಟಿಗೆಯ ಮೇಲೆ ಕೂತೇ ನೋಡಿದ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನುಣುಪಣ್ಣ ತಡೆದುಕೊಳ್ಳುತ್ತಿದ್ದ, ಅವನಿಗೆ ಸಿಟ್ಟು ಹೊಸದಲ್ಲ. ಬಸ್ಸು ಇನ್ನೂ ಬರಬಹುದೇನೋ ಎಂದು ನಿಲ್ದಾಣದಲ್ಲಿ ಕೂತವರು ರಸ್ತೆ ನೋಡುವ ಹಾಗೆ ಸುಮ್ಮನೆ ನೋಡುತ್ತಿದ್ದ. ಮೊದಲ ಪಟ್ಟೆ ನುಣುಪಾಗಿಯೇ ಬಂತು. ಎರಡನೆಯದಕ್ಕೆ ಕೈ ತಿರುಗಿಸುವಾಗ ನುಣುಪಣ್ಣನ ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು.

"ಆ ಬಾನೆಟ್ಟು ಚೆನ್ನಾಗಿತ್ತು" ಎಂದ.

ಗನ್ನು ನಡುಗಿತು.

"ಕಾರ್ಖಾನೆ ಬಣ್ಣದ ಹಾಗೇ ಇತ್ತು. ನಂಗೆ ಆವತ್ತೇ ಗೊತ್ತಿತ್ತು. ಅವನು ನಿನ್ನ ಹೊಗಳಿದ್ದು ನೋಡಿ ಹೊಟ್ಟೆ ಉರೀತು, ಅಷ್ಟೆ. ನೀನು ಮಾರನೇ ದಿನ ಬರ್ತೀಯ, ಹೇಳ್ಬಿಡೋಣ ಅಂದ್ಕೊಂಡಿದ್ದೆ. ನೀನು ಬರ್ಲಿಲ್ಲ."

ಗೇಣಿನ ಲೆಕ್ಕ ತಪ್ಪಿತು, ಮಣಿಕಟ್ಟು ತಿರುಗಿತು, ಉಸಿರು ಎಲ್ಲೆಲ್ಲೋ ಹೋಯಿತು. ಕೈಯನ್ನು ಮಾತ್ರ ನಿಲ್ಲಿಸಲಿಲ್ಲ, ಹೊಡೆಯುತ್ತಲೇ ಹೋದ, ಬಾಗಿಲ ಈ ತುದಿಯಿಂದ ಆ ತುದಿಗೆ. ಕ್ಲಿಯರು ತಗಡಿನ ಮೇಲೆ ಬಿದ್ದಲ್ಲೆಲ್ಲ ಸಣ್ಣ ಸಣ್ಣ ಗುಳಿಗಳಾಗಿ ಎದ್ದಿತು. ಮೂವತ್ತು ವರ್ಷದಲ್ಲಿ ಆ ಕೈಯಿಂದ ಎದ್ದ ಮೊದಲನೇ ಸಿಪ್ಪೆ. ಮುಗಿದಾಗ ಹೆಂಡತಿ ಬಾಗಿಲ ಹತ್ತಿರ ಬಗ್ಗಿ, ಕಣ್ಣು ಅರ್ಧ ಮುಚ್ಚಿ ನೋಡಿದಳು. "ಸರಿಯಾಗಿದೆ" ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡು, "ಥಿನ್ನರ್ ಘಾಟು" ಎಂದೂ ಸೇರಿಸಿದಳು.

ಮೈದುನ ಪೆಟ್ಟಿಗೆಯಿಂದ ಎದ್ದ. ಇನ್ನು ಅವನನ್ನು ಸಿಪ್ಪೆ ಎನ್ನಲು ನಮಗೂ ಮನಸ್ಸಿಲ್ಲ. ಬಾಗಿಲ ಮುಂದೆ ನಿಂತು, ಅದರ ಮೇಲಿನ ಗುಳಿಗಳನ್ನು ಬಹಳ ಹೊತ್ತು ನೋಡಿದ. ಹಳೆಯ ಮಾತೊಂದನ್ನು ತಿರುಗಿಸಿ ಹೇಳಲು ಅವನಿಗೆ ಒಳ್ಳೆಯ ಅವಕಾಶವಿತ್ತು. ಅವನು ಹೇಳಲಿಲ್ಲ.

"ಇನ್ನೊಂದು ಕೈ ಬೇಕು ಭಾವ" ಎಂದ. "ಗುಳಿ ತುಂಬಿಕೊಳ್ಳದ ಹಾಗೆ ತೆಳ್ಳಗೆ ಹೊಡೀಬೇಕು. ಕೊಡಿ, ನಾನು ಹೊಡೀತೀನಿ."

ಮೊದಲ ಕೈ ಕೊಂಚ ಬಿಗಿದುಕೊಂಡ ಮೇಲೆ ಎರಡನೆಯದನ್ನು ಅವನೇ ಹೊಡೆದ, ಮೇಲೆ ಬಿದ್ದದ್ದು ಕೆಳಗಿನದಕ್ಕೆ ಗೊತ್ತೇ ಆಗದಂತೆ. ಸ್ಟವ್ ಆಗಲೇ ಪೆಟ್ಟಿಗೆ ಸೇರಿದ್ದರಿಂದ ಅಕ್ಕ ರಸ್ತೆ ದಾಟಿ ಹೋಗಿ ಚಹಾ ಮಾಡಿ ತಂದಳು. ಮೂವರೂ ಪೆಟ್ಟಿಗೆಗಳ ಮೇಲೆ ಕೂತು ಬಾಗಿಲನ್ನು ನೋಡುತ್ತ ಕುಡಿದರು. ಕಂಪ್ರೆಸರಿನಿಂದ ಗಾಳಿ ಸೋರುತ್ತಿದೆ ಎಂದು ನುಣುಪಣ್ಣ ನೇರವಾಗಿ ಮೈದುನನಿಗೇ ಹೇಳಿದ. ಹೌದು, ವಾಷರ್ ಹೋಗಿದೆ ಎಂದು ಮೈದುನ ನೇರವಾಗಿ ಅವನಿಗೇ ಹೇಳಿದ. ಇಷ್ಟಕ್ಕೇ ಅಕ್ಕನಿಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು.

ಎರಡೂವರೆಗೆ ಸರಿಯಾಗಿ ವ್ಯಾನು ಬಂತು. ಡ್ರೈವರ್ ಆತುರದವನು, ಯಾರನ್ನೂ ಕೇಳದೆ ಕಟ್ಟಿಟ್ಟಿದ್ದ ಪೆಟ್ಟಿಗೆಗಳನ್ನೂ ಹಾಸಿಗೆಯನ್ನೂ ಹಿಂದಕ್ಕೆ ಎತ್ತಿ ಹಾಕಿಬಿಟ್ಟ. ಮೂರಕ್ಕೆ ಕನ್ನಡಕದವರು ಹೆಂಡತಿಯೊಡನೆ ಬಂದರು. ಭೂತಗನ್ನಡಿ ಮೇಲಿಂದ ಕೆಳಕ್ಕೆ ಇಳಿಯಿತು. "ಈಗ ನಮ್ಮ ಬಾಗಿಲು" ಎಂದರು ಸಮಾಧಾನದಿಂದ. ಅವರ ಹೆಂಡತಿ ಅಲುಗುವ ತಮ್ಮ ಮೂಗನ್ನು ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ಇನ್ನು ಎಲ್ಲಿ ಬೇಕಾದರೂ ಹತ್ತಿ ಕೂರುತ್ತೇನೆ ಎಂದರು.

"ಕಾರಿಗೆ ಜೋಡಿಸಿಬಿಡಿ, ತಗೊಂಡು ಹೋಗ್ತೀನಿ."

"ಇನ್ನೂ ಹಸಿ ಇದೆ ಸಾರ್" ಎಂದ ನುಣುಪಣ್ಣ.

ವ್ಯಾನಿನವನು ಹಾರ್ನ್ ಹೊಡೆದ. ಮೈದುನ ಅಕ್ಕನ ಮುಖ ನೋಡಿ, ಭಾವನ ಮುಖ ನೋಡಿ, ಚಪ್ಪಲಿ ಮೆಟ್ಟಿಕೊಂಡ. "ಬರ್ತೀನಿ ಭಾವ."

"ಎಲ್ಲಿಗೆ? ಕೊನೇ ಕೈ ಹೊಡೆದವನು ನೀನು. ಹೊಡೆದವನು ಒಣಗೋ ತನಕ ಜಾಗ ಬಿಡಬಾರದು. ಕಸುಬಿನ ನಿಯಮ."

ಅಂಥ ನಿಯಮವೊಂದು ಯಾವ ಶೆಡ್ಡಿನಲ್ಲೂ ಇರಲಿಲ್ಲ. ಹೆಂಡತಿಗೆ ಗೊತ್ತಿತ್ತು, ಮೈದುನನಿಗೆ ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು.

"ಎಷ್ಟೊತ್ತಲ್ಲಿ ಒಣಗುತ್ತಣ್ಣ?" ಎಂದ ಡ್ರೈವರ್ ಕಿಟಕಿಯಿಂದ ತಲೆ ಹಾಕಿ.

ಒಣಗುವ ಹೊತ್ತಿನ ವಿಷಯದಲ್ಲಿ ನುಣುಪಣ್ಣ ಮೂವತ್ತು ವರ್ಷದಲ್ಲಿ ಯಾವ ಗಿರಾಕಿಗೂ ಒಂದು ನಿಮಿಷದ ಸುಳ್ಳು ಹೇಳಿದವನಲ್ಲ. ಬಾಗಿಲ ಹತ್ತಿರ ಹೋಗಿ, ಕೆಳಗಿನ ಮೂಲೆಗೆ ಕಿರುಬೆರಳು ತಾಗಿಸಿದ. ಹೊರಗೆ ಬಿಸಿಲು ಧಗಧಗಿಸುತ್ತಿತ್ತು. ಬೆರಳಿಗೆ ಒಂದಿಷ್ಟೂ ಅಂಟಲಿಲ್ಲ.

"ಹೇಳೋಕಾಗಲ್ಲ" ಎಂದ. "ಇದು ನಿಧಾನದ ಕ್ಲಿಯರ್. ನಾಳೆ ಆಗಬಹುದು. ಒಂದು ತಿಂಗಳು ಬೇಕಾದರೂ ಹಿಡಿಯುತ್ತೆ."

ಕನ್ನಡಕದವರು ಏನೋ ಹೇಳಲು ಬಾಯಿ ತೆರೆದರು. ಅವರ ಹೆಂಡತಿ ಅವರ ಕಾಲು ತುಳಿದರು.

ಮೈದುನ ಬಂದು ಭಾವ ಮುಟ್ಟಿದ ಮೂಲೆಯನ್ನೇ ತಾನೂ ಮುಟ್ಟಿ ನೋಡಿದ. ಬೆರಳನ್ನು ಬೆಳಕಿಗೆ ಹಿಡಿದ. ಅದರ ಮೇಲೆ ಏನೂ ಇರಲಿಲ್ಲ. ಆ ಬೆರಳನ್ನು ಅಂಗಿಯ ಅಂಚಿಗೆ ತಿರುವಿ ತಿರುವಿ ಒರೆಸಿಕೊಂಡು, ವ್ಯಾನಿನ ಕಡೆ ತಿರುಗಿದ.

"ಇನ್ನೂ ಹಸಿ ಇದೆಯಪ್ಪಾ" ಎಂದ. "ಸಾಮಾನು ಇಳಿಸು."